ವಿಪಿಎನ್ ರೂಟರ್

ಬೇರೆ ಬೇರೆ ಊರುಗಳಲ್ಲಿರುವ ಕಚೇರಿಗಳ ಜಾಲಗಳನ್ನು ಇಂಟರ್ನೆಟ್ ಮೂಲಕವೇ, ಗೂಢಲಿಪೀಕರಿಸಿದ ಸುರಂಗದಿಂದ ಬೆಸೆಯುವ ಉಪಕರಣ. ಶಾಖೆಯ ಗುಮಾಸ್ತರು ಮುಖ್ಯ ಕಚೇರಿಯ ಟ್ಯಾಲಿ ಲೆಕ್ಕವನ್ನು ತಮ್ಮ ಮೇಜಿನಲ್ಲೇ ತೆರೆಯಬಹುದು. ಸಣ್ಣ ವ್ಯಾಪಾರಕ್ಕೆ, ಕಚೇರಿಗಳ ನಡುವೆ ಮೀಸಲಾದ ಲೀಸ್ಡ್ ಲೈನಿನ ಬಾಡಿಗೆ ದುಬಾರಿ. ವಿಪಿಎನ್ ರೂಟರಿನ ಬಳಕೆಗೆ ಅದೇ ಮುಖ್ಯ ಕಾರಣ.

ಕೊಳ್ಳುವಾಗ ಡಬ್ಬದ ಮೇಲಿನ ‘ಗಿಗಾಬಿಟ್’ ಎಂಬ ಬರಹಕ್ಕೆ ಮರುಳಾಗಬಾರದು; ಅದು ಪೋರ್ಟಿನ ವೇಗ. ಗೂಢಲಿಪೀಕರಣದ ಹೊರೆ ಪ್ರೊಸೆಸರ್ ಮೇಲೆ ಬೀಳುವುದರಿಂದ ಸುರಂಗದ ವೇಗ ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ಐಪಿಸೆಕ್ ಎಂಬ ಸುರಂಗ ವಿಧಾನ ಬಳಸುವುದಾದರೆ ಎಇಎಸ್ ಗೂಢಲಿಪಿಯ ಲೆಕ್ಕಕ್ಕೆ ಹಾರ್ಡ್‌ವೇರ್ ನೆರವಿರುವ ಚಿಪ್ ಲೇಸು. 2020ರಲ್ಲಿ ಲಿನಕ್ಸ್ ಕರ್ನಲ್ 5.6ಕ್ಕೆ ಸೇರಿದ ವೈರ್‌ಗಾರ್ಡ್ ಎಂಬ ಇನ್ನೊಂದು ಸುರಂಗ ವಿಧಾನ, ಚಾಚಾ20 ಗೂಢಲಿಪಿ ಬಳಸುವುದರಿಂದ ಅಂಥ ಚಿಪ್ ಇಲ್ಲದ ರೂಟರಿನಲ್ಲೂ ಚುರುಕಾಗಿ ಓಡುತ್ತದೆ. ಲಾಟ್ವಿಯಾದ ಕಂಪನಿ ಮೈಕ್ರೋಟಿಕ್‌ನ ರೂಟರ್‌ಒಎಸ್ 7 ತಂತ್ರಾಂಶದಲ್ಲಿ ಈ ಎರಡೂ ವಿಧಾನಗಳಿವೆ. ಅದರ ರೂಟರುಗಳ ಬೆಲೆ ಕೈಗೆಟುಕಿದರೂ ಸೆಟ್ಟಿಂಗ್ ಹೊಸಬರಿಗೆ ಕಬ್ಬಿಣದ ಕಡಲೆಯೇ.

ಭಾರತದಲ್ಲಿ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಅಂಥಲ್ಲಿಗೆ ಹೊರಗಿನಿಂದ ಸುರಂಗ ನೇರವಾಗಿ ತಲುಪದು, ಆದ್ದರಿಂದ ರೂಟರಿಗಿಂತ ಮೊದಲು ಕನಿಷ್ಠ ಒಂದು ತುದಿಗೆ ಸ್ಥಿರ ಐಪಿ ಕೇಳಿ ಪಡೆಯುವುದು ಜಾಣತನ. ಸಿಗದಿದ್ದರೆ ನಡುವೆ ಬಾಡಿಗೆಯ ಕ್ಲೌಡ್ ಸರ್ವರ್ ಬೇಕಾಗುತ್ತದೆ. ಎರಡೂ ಕಚೇರಿಗಳಲ್ಲಿ 192.168.1 ಸರಣಿಯ ವಿಳಾಸಗಳೇ ಇದ್ದರೆ ಸುರಂಗ ಸಿದ್ಧವಾದರೂ ಆಚೆ ಕಡೆಯ ಪ್ರಿಂಟರ್ ಸಿಗದು. ಒಂದು ಕಡೆಯ ಸರಣಿಯನ್ನು ಬದಲಿಸಬೇಕು.