ಪ್ರವಾಸಿ ಟ್ರೇಲರ್‌ನ ಗಾಲಿ ಬೇರಿಂಗ್ ಮತ್ತು ಬ್ರೇಕ್ ನಿರ್ವಹಣೆ

ಪ್ರವಾಸಿ ಟ್ರೇಲರ್ ಎಂಬುದು ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವ, ಮಲಗಲು ಹಾಗೂ ಅಡುಗೆ ಮಾಡಲು ಅನುಕೂಲವಿರುವ ಗಾಲಿಮನೆ. ಇದಕ್ಕೆ ಸ್ವಂತ ಎಂಜಿನ್ ಇರುವುದಿಲ್ಲ. ಇದರ ಗಾಲಿಗಳನ್ನು ನಿಯತಕಾಲದಲ್ಲಿ ಬಿಚ್ಚಿ, ಬೇರಿಂಗ್‌ಗಳನ್ನು ತೊಳೆದು ಪರೀಕ್ಷಿಸಿ, ಹೊಸ ಗ್ರೀಸ್ ತುಂಬಿ, ಬ್ರೇಕಿನ ಭಾಗಗಳನ್ನು ಸರಿಹೊಂದಿಸುವ ಕೆಲಸವನ್ನು ಗಾಲಿ ಬೇರಿಂಗ್ ಮತ್ತು ಬ್ರೇಕ್ ನಿರ್ವಹಣೆ ಎನ್ನಲಾಗುತ್ತದೆ. ಪ್ರವಾಸಿ ಟ್ರೇಲರ್‌ಗಳ ಬಳಕೆ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ವ್ಯಾಪಕವಾಗಿದೆ. ಈ ಲೇಖನವು ಮುಖ್ಯವಾಗಿ ಅಲ್ಲಿನ ವಿದ್ಯುತ್ ಡ್ರಮ್ ಬ್ರೇಕ್ ಇರುವ ಟ್ರೇಲರ್‌ಗಳನ್ನು ಕುರಿತದ್ದು.

ಬೇರಿಂಗ್ ಮತ್ತು ಬ್ರೇಕ್ ಎರಡೂ ಒಂದೇ ಡ್ರಮ್ಮಿನಲ್ಲಿ ಅಡಗಿರುವುದರಿಂದ ಎರಡನ್ನೂ ಒಟ್ಟಿಗೆ ನೋಡುವುದು ರೂಢಿ. ಒಂದರ ದೋಷ ಇನ್ನೊಂದಕ್ಕೆ ಹರಡುತ್ತದೆ. ಸೀಲ್ ಹರಿದರೆ ಬೇರಿಂಗಿನ ಗ್ರೀಸ್ ಬ್ರೇಕ್ ಶೂಗಳ ಮೇಲೆ ಸುರಿಯುತ್ತದೆ. ಬ್ರೇಕ್ ಸಡಿಲಗೊಳ್ಳದೆ ಉಜ್ಜುತ್ತಿದ್ದರೆ ಅದರ ಶಾಖಕ್ಕೆ ಬೇರಿಂಗಿನ ಗ್ರೀಸ್ ಕರಗಿ ಇಳಿಯುತ್ತದೆ. ಕಾರಿನಲ್ಲಿ ಬೇರಿಂಗ್ ಸವೆದರೆ ಚಾಲಕನಿಗೆ ಸದ್ದು ಕೇಳಿಸುತ್ತದೆ, ಬ್ರೇಕ್ ಕೆಟ್ಟರೆ ಕಾಲಿಗೆ ತಿಳಿಯುತ್ತದೆ. ಟ್ರೇಲರ್ ಅವನಿಂದ ಹಲವು ಮೀಟರ್ ಹಿಂದಿರುತ್ತದೆ. ಗಾಲಿಯಿಂದ ಹೊಗೆ ಎದ್ದ ಮೇಲೆಯೋ, ಗಾಲಿಯೇ ಕಳಚಿಕೊಂಡ ಮೇಲೆಯೋ ಸಂಗತಿ ತಿಳಿಯುವುದುಂಟು. ಆದುದರಿಂದ ಇಲ್ಲಿ ಲಕ್ಷಣಗಳಿಗಾಗಿ ಕಾಯದೆ, ಅವಧಿಗೆ ತಕ್ಕಂತೆ ಬಿಚ್ಚಿ ನೋಡುವುದೇ ಕ್ರಮ.

ರಚನೆ

ಟ್ರೇಲರ್‌ನ ಅಚ್ಚು ತಿರುಗುವುದಿಲ್ಲ. ಅದರ ತುದಿಯಲ್ಲಿರುವ ಸ್ಪಿಂಡಲ್ ಎಂಬ ಕಡ್ಡಿಯ ಸುತ್ತ ಹಬ್ ತಿರುಗುತ್ತದೆ. ಹಬ್ಬಿನೊಳಗೆ ಎರಡು ಟೇಪರ್ ರೋಲರ್ ಬೇರಿಂಗ್‌ಗಳಿರುತ್ತವೆ: ಒಳಬದಿಗೆ ದೊಡ್ಡದು, ಹೊರಬದಿಗೆ ಚಿಕ್ಕದು. ರೋಲರ್‌ಗಳು ಓರೆಯಾಗಿ ಕುಳಿತಿರುವುದರಿಂದ ಮೇಲಿನಿಂದ ಬೀಳುವ ಭಾರವನ್ನೂ ತಿರುವಿನಲ್ಲಿ ಪಕ್ಕದಿಂದ ಬರುವ ಒತ್ತಡವನ್ನೂ ಒಟ್ಟಿಗೆ ತಾಳಬಲ್ಲವು. ಈ ಬಗೆಯ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಸೇಂಟ್ ಲೂಯಿಸ್ ನಗರದ ಕುದುರೆಗಾಡಿ ತಯಾರಕ. ಮೋಟಾರು ವಾಹನಕ್ಕಿಂತ ಮೊದಲು ಗಾಡಿಯ ಅಚ್ಚಿಗಾಗಿಯೇ ಹುಟ್ಟಿದ ಸಾಧನವಿದು.

ಬೇರಿಂಗಿನ ರೋಲರ್‌ಗಳು ಓಡುವ ಹೊರ ಉಂಗುರಕ್ಕೆ ಕಪ್ ಎನ್ನುತ್ತಾರೆ. ಅದು ಹಬ್ಬಿನೊಳಗೆ ಬಿಗಿಯಾಗಿ ಕೂಡಿಸಿದ ಭಾಗ. ಹಬ್ಬಿನ ಒಳಬದಿಯನ್ನು ರಬ್ಬರ್ ಅಂಚಿನ ಸೀಲ್ ಮುಚ್ಚುತ್ತದೆ. ಹೊರಬದಿಯಲ್ಲಿ ವಾಷರ್, ಅಂಚಿನಲ್ಲಿ ಕಚ್ಚುಗಳಿರುವ ನಟ್, ಅದು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ಮತ್ತು ಮೇಲೊಂದು ಲೋಹದ ಮುಚ್ಚಳ ಇರುತ್ತವೆ. ಎತ್ತಿನ ಬಂಡಿಯಲ್ಲಿ ಗಾಲಿ ಕಳಚದಂತೆ ಕಡೆಗೀಲು ಮಾಡುವ ಕೆಲಸವನ್ನು ಇಲ್ಲಿ ಈ ಚಿಕ್ಕ ಪಿನ್ನು ಮಾಡುತ್ತದೆ. ಗ್ರೀಸು ಕೀಲೆಣ್ಣೆಯ ಸ್ಥಾನದಲ್ಲಿದೆ.

ಕೆಡುವ ಬಗೆ

ಬಹಳ ಓಡಿದ ಟ್ರೇಲರ್‌ಗಿಂತ ಬಹಳ ಕಾಲ ನಿಂತ ಟ್ರೇಲರ್ ಹೆಚ್ಚು ತೊಂದರೆ ಕೊಡುವುದುಂಟು. ಉತ್ತರ ಅಮೆರಿಕದ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಒಂದೇ ಕಡೆ ನಿಂತಾಗ ಗ್ರೀಸ್ ರೋಲರ್‌ಗಳಿಂದ ಜಾರಿ ಕೆಳಗಿಳಿಯುತ್ತದೆ, ಒಳಗಿನ ತೇವ ಉಕ್ಕಿನ ಮೇಲೆ ತುಕ್ಕು ಹಿಡಿಸುತ್ತದೆ. ಬಿಚ್ಚಿ ನೋಡಿದಾಗ ಕಪ್ಪಿನ ಮೇಲೆ ರೋಲರ್‌ಗಳ ನಡುವಿನ ಅಂತರಕ್ಕೆ ಸರಿಯಾಗಿ ಸಾಲುಸಾಲು ತುಕ್ಕಿನ ಗೆರೆಗಳು ಕಾಣುವುದು ಇದರಿಂದಲೇ. ದೋಣಿ ಸಾಗಿಸುವ ಟ್ರೇಲರ್‌ಗಳಲ್ಲಿ ತೊಂದರೆ ಇನ್ನೂ ಹೆಚ್ಚು: ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ.

ಉಳಿದ ಕಾರಣಗಳು ಮಿತಿಮೀರಿದ ಭಾರ, ನಟ್ಟನ್ನು ಅತಿ ಬಿಗಿಯಾಗಿ ಕೂಡಿಸುವುದು, ಹೊಂದದ ಎರಡು ಬಗೆಯ ಗ್ರೀಸ್‌ಗಳನ್ನು ಬೆರೆಸುವುದು.

ಬೇರಿಂಗ್ ಸೇವೆ

ಅಚ್ಚು ತಯಾರಕರು ಸಾಮಾನ್ಯವಾಗಿ 12 ತಿಂಗಳು ಅಥವಾ 12,000 ಮೈಲಿ (ಸುಮಾರು 19,000 ಕಿ.ಮೀ.), ಇವುಗಳಲ್ಲಿ ಯಾವುದು ಮೊದಲೋ ಆಗ ಬೇರಿಂಗ್ ಸೇವೆಯಾಗಬೇಕೆಂದು ಸೂಚಿಸುತ್ತಾರೆ. ಬಹುಪಾಲು ಕುಟುಂಬಗಳ ಟ್ರೇಲರ್ ವರ್ಷಕ್ಕೆ ಅಷ್ಟು ದೂರ ಓಡುವುದಿಲ್ಲವಾದ್ದರಿಂದ ಅವರಿಗೆ ವರ್ಷದ ಲೆಕ್ಕವೇ ಅನ್ವಯಿಸುತ್ತದೆ. ಓಡಿದ್ದು ಕಡಿಮೆ ಎಂದು ಮುಂದೂಡುವುದು ಮೇಲೆ ಹೇಳಿದ ತುಕ್ಕಿಗೆ ಅವಕಾಶ ಕೊಟ್ಟಂತೆ.

ಟ್ರೇಲರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನೆಲದಲ್ಲಿರುವ ಗಾಲಿಗಳಿಗೆ ಅಡ್ಡಗಲ್ಲು ಅಥವಾ ಮರದ ತುಂಡು ಕೊಟ್ಟು, ಚೌಕಟ್ಟಿನ ಕೆಳಗೆ ಜಾಕ್ ಇಟ್ಟು ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ಕೂಡಿಸಲಾಗುತ್ತದೆ. ಅಚ್ಚಿನ ಕೊಳವೆಗೇ ಜಾಕ್ ಕೊಟ್ಟರೆ ಅದು ಬಾಗುವ ಅಪಾಯವಿದೆ. ಬಿಚ್ಚುವ ಮುನ್ನ ಗಾಲಿಯನ್ನು ಕೈಯಿಂದ ತಿರುಗಿಸಿ ಸದ್ದು ಕೇಳುವುದು, ಮೇಲೆ ಕೆಳಗೆ ಹಿಡಿದು ಅಲುಗಿಸಿ ಸಡಿಲ ನೋಡುವುದು ಉಪಯುಕ್ತ.

ಮುಚ್ಚಳ, ಪಿನ್ನು, ನಟ್ಟು ತೆಗೆದು ಡ್ರಮ್ಮನ್ನು ಹೊರಗೆಳೆದ ಮೇಲೆ ಬೇರಿಂಗ್‌ಗಳನ್ನು ಸೀಮೆಎಣ್ಣೆ ಅಥವಾ ತಕ್ಕ ದ್ರಾವಕದಲ್ಲಿ ತೊಳೆಯುತ್ತಾರೆ. ಒಣಗಿಸಲು ಸಂಪೀಡಿತ ಗಾಳಿಯಿಂದ ಬೇರಿಂಗನ್ನು ಗಿರಗಿರನೆ ತಿರುಗಿಸುವ ಚಾಳಿ ಹಲವರಿಗಿದೆ. ರೋಲರ್‌ಗಳು ಸಿಡಿದು ಗಾಯವಾಗಬಹುದು, ಎಣ್ಣೆಯಿಲ್ಲದ ಮೈ ಗೀಚಿಹೋಗಬಹುದು. ಯಾವ ಬೇರಿಂಗ್ ಯಾವ ಗಾಲಿಯದು, ಒಳಗಿನದೋ ಹೊರಗಿನದೋ ಎಂದು ಗುರುತು ಹಾಕಿಡುವುದು ಅಗತ್ಯ, ಏಕೆಂದರೆ ಓಡಿ ಪಳಗಿದ ಬೇರಿಂಗ್ ತನ್ನದೇ ಕಪ್ಪಿನೊಡನೆ ಇರಬೇಕು. ಮೈಯಲ್ಲಿ ಗುಳಿ, ಚಕ್ಕೆ ಎದ್ದ ಜಾಗ, ತುಕ್ಕಿನ ಗೆರೆ ಅಥವಾ ಶಾಖದಿಂದ ಬಂದ ನೀಲಿ ಬಣ್ಣ ಕಂಡರೆ ಬೇರಿಂಗ್ ಮತ್ತು ಕಪ್ ಎರಡನ್ನೂ ಬದಲಿಸಬೇಕು. ಹಳೆಯ ಕಪ್ಪಿಗೆ ಹೊಸ ಬೇರಿಂಗ್ ಕೂಡಿಸುವುದು ಉಳಿತಾಯವಾಗದು.

ಗ್ರೀಸ್ ತುಂಬುವುದರ ಉದ್ದೇಶ ರೋಲರ್‌ಗಳ ನಡುವಿನ ಸಂದುಗಳೆಲ್ಲ ತುಂಬುವುದು. ಹೊರಗೆ ಬಳಿದರೆ ಸಾಲದು. ಅಂಗೈಯಲ್ಲಿ ಒಂದು ಮುದ್ದೆ ಗ್ರೀಸ್ ಇಟ್ಟು, ಬೇರಿಂಗಿನ ಅಗಲ ಬದಿಯನ್ನು ಅದರ ಅಂಚಿಗೆ ಒತ್ತುತ್ತ ಹೋದರೆ, ಕಿರಿದಾದ ಬದಿಯಿಂದ ಹೊಸ ಗ್ರೀಸ್ ಇಣುಕುತ್ತದೆ. ಸುತ್ತಲೂ ಹಾಗೆ ಇಣುಕುವವರೆಗೆ ಒತ್ತಬೇಕು. ಸಾಮಾನ್ಯವಾಗಿ ಹೆಚ್ಚು ಶಾಖ ತಾಳುವ, 2ನೆಯ ದರ್ಜೆಯ ಗಟ್ಟಿತನದ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ಬಳಕೆಯಲ್ಲಿದೆ. ಒಳಬದಿಯ ಸೀಲನ್ನು ಪ್ರತಿ ಬಾರಿಯೂ ಹೊಸದಾಗಿ ಹಾಕುವುದು ವಾಡಿಕೆ.

ಹೆಚ್ಚು ಜನ ಎಡವುವುದು ನಟ್ಟನ್ನು ಬಿಗಿಯುವ ಹಂತದಲ್ಲಿ. ಗಟ್ಟಿಯಾಗಿ ಬಿಗಿದಷ್ಟೂ ಭದ್ರ ಎಂಬ ಸಹಜ ಭಾವನೆ ಇಲ್ಲಿ ತಪ್ಪು. ಸಾಮಾನ್ಯ ಬಗೆಯ ಸ್ಪಿಂಡಲ್‌ಗಳಿಗೆ ಹೇಳಿರುವ ಕ್ರಮ ಹೀಗಿದೆ: ಡ್ರಮ್ಮನ್ನು ನಿಧಾನವಾಗಿ ತಿರುಗಿಸುತ್ತ ನಟ್ಟನ್ನು ಸುಮಾರು 50 ಪೌಂಡ್-ಅಡಿ (68 ನ್ಯೂಟನ್-ಮೀಟರ್) ಬಿಗಿದು ಬೇರಿಂಗ್‌ಗಳನ್ನು ಕೂಡಿಸುವುದು, ಬಳಿಕ ಡ್ರಮ್ಮನ್ನು ತಿರುಗಿಸದೆ ನಟ್ಟನ್ನು ಪೂರ್ತಿ ಸಡಿಲಿಸುವುದು, ಆಮೇಲೆ ಬೆರಳಿನಿಂದ ಮಾತ್ರ ಬಿಗಿದು, ಪಿನ್ನಿನ ರಂಧ್ರಕ್ಕೆ ಕಚ್ಚು ಸರಿಹೊಂದುವಷ್ಟು ಹಿಂದಕ್ಕೆ ತಿರುಗಿಸಿ ಹೊಸ ಪಿನ್ನು ಹಾಕುವುದು. ಕೊನೆಯಲ್ಲಿ ನಟ್ಟು ಸ್ವಲ್ಪ ಆಡುವಂತಿರಬೇಕು, ಪಿನ್ನು ಮಾತ್ರ ಅದನ್ನು ತಡೆದಿರಬೇಕು.

ಕೆಲವು ಸ್ಪಿಂಡಲ್‌ಗಳ ತುದಿಯಲ್ಲಿ ಗ್ರೀಸ್ ನಿಪ್ಪಲ್ ಇರುತ್ತದೆ. ಅಲ್ಲಿಂದ ಒತ್ತಿದ ಗ್ರೀಸ್ ಮೊದಲು ಒಳ ಬೇರಿಂಗಿಗೆ, ಬಳಿಕ ಹೊರ ಬೇರಿಂಗಿಗೆ ಹರಿದು ಹೊರಬರುತ್ತದೆ. ಗಾಲಿಯನ್ನು ತಿರುಗಿಸುತ್ತ ಕೈಪಂಪಿನಿಂದ ನಿಧಾನವಾಗಿ ಒತ್ತಿದರೆ ಇದು ಅನುಕೂಲಕರ. ಅವಸರಿಸಿದರೆ ಗ್ರೀಸ್ ಸೀಲನ್ನು ದಾಟಿ ಬ್ರೇಕಿಗೆ ನುಗ್ಗುತ್ತದೆ. ನಿಪ್ಪಲ್ ಇದ್ದ ಮಾತ್ರಕ್ಕೆ ಬಿಚ್ಚಿ ನೋಡುವ ಅಗತ್ಯ ತಪ್ಪುವುದಿಲ್ಲ, ಏಕೆಂದರೆ ಒತ್ತಿದ ಗ್ರೀಸ್ ಸವೆದ ಬೇರಿಂಗನ್ನು ತೋರಿಸಲಾರದು.

ವಿದ್ಯುತ್ ಬ್ರೇಕ್

ಚಾಲಕ ಬ್ರೇಕ್ ಒತ್ತಿದಾಗ ಎಳೆಯುವ ವಾಹನದಲ್ಲಿರುವ ನಿಯಂತ್ರಕವು ಟ್ರೇಲರ್‌ಗೆ ವಿದ್ಯುತ್ತು ಕಳುಹಿಸುತ್ತದೆ. ಡ್ರಮ್ಮಿನೊಳಗಿನ ವಿದ್ಯುತ್ಕಾಂತವು ತಿರುಗುತ್ತಿರುವ ಡ್ರಮ್ಮಿನ ಒಳಮುಖಕ್ಕೆ ಅಂಟಿಕೊಂಡು ಅದರೊಡನೆ ತುಸು ಸರಿಯುತ್ತದೆ. ಆ ಚಲನೆಯಿಂದ ಒಂದು ಸನ್ನೆ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. 10 ಮತ್ತು 12 ಅಂಗುಲದ ಡ್ರಮ್ಮುಗಳಲ್ಲಿ ಪ್ರತಿ ಕಾಂತವು ಸುಮಾರು 3ರಿಂದ 4 ಆಂಪಿಯರ್ ಎಳೆಯುತ್ತದೆ. ಅದಕ್ಕಿಂತ ಬಹಳ ಕಡಿಮೆ ಬಂದರೆ ತಂತಿಯ ಜೋಡಣೆಯಲ್ಲೋ ಭೂಸಂಪರ್ಕದಲ್ಲೋ ತುಕ್ಕು ಇರುವ ಸಾಧ್ಯತೆ ಹೆಚ್ಚು. ದುರ್ಬಲ ಬ್ರೇಕಿಗೆ ಶೂಗಳನ್ನು ದೂರುವ ಮುನ್ನ ತಂತಿಯನ್ನು ಅಳೆದು ನೋಡುವುದು ಜಾಣತನ.

ಶೂಗಳ ಲೈನಿಂಗ್ 1.6 ಮಿ.ಮೀ. (ಒಂದು ಅಂಗುಲದ ಹದಿನಾರನೆಯ ಒಂದು ಭಾಗ) ಅಥವಾ ಅದಕ್ಕಿಂತ ತೆಳುವಾಗಿದ್ದರೆ ಬದಲಿಸಬೇಕು. ಗ್ರೀಸ್ ಹೀರಿದ ಲೈನಿಂಗನ್ನು ತೊಳೆದು ಮರಳಿ ಬಳಸುವಂತಿಲ್ಲ. ಬದಲಿಸುವಾಗ ಒಂದೇ ಅಚ್ಚಿನ ಎರಡೂ ಬದಿಯವನ್ನು ಬದಲಿಸಬೇಕು, ಇಲ್ಲವಾದರೆ ಬ್ರೇಕ್ ಒಂದು ಬದಿಗೆ ಎಳೆಯುತ್ತದೆ. ಕಾಂತಗಳಿಗೂ ಇದೇ ನಿಯಮ. ಕಡಿಮೆ ಉದ್ದದ ಲೈನಿಂಗ್ ಇರುವ ಶೂ ಟ್ರೇಲರ್‌ನ ಮುಂಬದಿಗೆ ಬರಬೇಕು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಒಳಗಿನ ದೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ತಾನಾಗಿ ಸರಿಹೊಂದದ ಬ್ರೇಕುಗಳನ್ನು ಮೊದಲ 200 ಮೈಲಿಯ (320 ಕಿ.ಮೀ.) ನಂತರ, ಆಮೇಲೆ ಪ್ರತಿ 3,000 ಮೈಲಿಗೆ (4,800 ಕಿ.ಮೀ.) ಸರಿಹೊಂದಿಸಬೇಕು. ಹಿಂಬದಿಯ ಸಂದಿನಿಂದ ಹಲ್ಲುಗಾಲಿಯನ್ನು ತಿರುಗಿಸಿ, ಗಾಲಿ ಕೈಗೆ ತಿರುಗದಷ್ಟು ಬಿಗಿಮಾಡಿ, ಬಳಿಕ ಸ್ವಲ್ಪವೇ ಉಜ್ಜುತ್ತ ಸರಾಗವಾಗಿ ತಿರುಗುವವರೆಗೆ ಸಡಿಲಿಸುತ್ತಾರೆ.

ಬೇರ್ಪಡೆ ಸ್ವಿಚ್

ಟ್ರೇಲರ್ ದಾರಿಯಲ್ಲಿ ಕಳಚಿಕೊಂಡರೆ ಅದರ ಬ್ರೇಕ್ ತಾನಾಗಿ ಹಿಡಿಯುವಂತೆ ಮಾಡುವ ಚಿಕ್ಕ ಸ್ವಿಚ್ ಇದು. ಎಳೆಯುವ ವಾಹನಕ್ಕೆ ಕಟ್ಟಿದ ತಂತಿ ಪಿನ್ನನ್ನು ಕಿತ್ತಾಗ ಟ್ರೇಲರ್‌ನ ಬ್ಯಾಟರಿಯಿಂದ ಕಾಂತಗಳಿಗೆ ವಿದ್ಯುತ್ತು ಹರಿಯುತ್ತದೆ. ಅಮೆರಿಕದ ವಾಣಿಜ್ಯ ವಾಹನಗಳ ಫೆಡರಲ್ ನಿಯಮದಂತೆ ಈ ಬ್ರೇಕ್ ಕನಿಷ್ಠ 15 ನಿಮಿಷ ಹಿಡಿದಿರಬೇಕು. ಪರೀಕ್ಷಿಸುವಾಗ ಎರಡು ವಾಹನಗಳ ನಡುವಿನ ವಿದ್ಯುತ್ ಪ್ಲಗ್ ತೆಗೆದು, ಪಿನ್ನು ಎಳೆದು, ಗಾಲಿ ತಿರುಗದಿರುವುದನ್ನು ನೋಡಿ, ಬೇಗನೆ ಪಿನ್ನನ್ನು ಮರಳಿ ಹಾಕಬೇಕು. ಈ ತಂತಿಯನ್ನು ಸುರಕ್ಷಾ ಸರಪಳಿಗೆ ಸುತ್ತದೆ ವಾಹನಕ್ಕೇ ಕಟ್ಟಬೇಕು. ಬ್ಯಾಟರಿ ಸತ್ತಿದ್ದರೆ ಇಡೀ ವ್ಯವಸ್ಥೆ ಇದ್ದೂ ಇಲ್ಲದಂತೆ.

ರಸ್ತೆಗಿಳಿದ ಮೇಲೆ

ಗಾಲಿಯ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಬಿಗಿದು, 10, 25 ಮತ್ತು 50 ಮೈಲಿಗಳಲ್ಲಿ (16, 40 ಮತ್ತು 80 ಕಿ.ಮೀ.) ಮತ್ತೆ ಪರೀಕ್ಷಿಸಬೇಕು. ವಿಶ್ರಾಂತಿಗೆ ನಿಂತಾಗಲೆಲ್ಲ ಹಬ್‌ಗಳ ಶಾಖವನ್ನು ಅವಕೆಂಪು ಉಷ್ಣಮಾಪಕದಿಂದ ನೋಡುವ ಅಭ್ಯಾಸ ಅನುಭವಿಗಳಲ್ಲಿದೆ. ಇಲ್ಲಿ ನೋಡಬೇಕಾದದ್ದು ಗಾಲಿಗಾಲಿಯ ನಡುವಿನ ವ್ಯತ್ಯಾಸ: ಮೂರು ಹಬ್‌ಗಳು ಬೆಚ್ಚಗಿದ್ದು ನಾಲ್ಕನೆಯದು ಸುಡುತ್ತಿದ್ದರೆ ಅಲ್ಲಿ ಬೇರಿಂಗ್ ಕೆಟ್ಟಿದೆ ಅಥವಾ ಬ್ರೇಕ್ ಉಜ್ಜುತ್ತಿದೆ, ನಾಲ್ಕನೆಯದು ಮಾತ್ರ ತಣ್ಣಗಿದ್ದರೆ ಅದರ ಬ್ರೇಕ್ ಕೆಲಸ ಮಾಡುತ್ತಿಲ್ಲದಿರಬಹುದು.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ ಇದೇ ವಾಹನಕ್ಕೆ ಕ್ಯಾರವಾನ್ ಎನ್ನುತ್ತಾರೆ. ಅಲ್ಲಿ 750 ಕೆ.ಜಿ.ಗಿಂತ ಹೆಚ್ಚಿನ ಗರಿಷ್ಠ ತೂಕದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ಅವು ಸಾಮಾನ್ಯವಾಗಿ ವಿದ್ಯುತ್ತಿನವಲ್ಲ. ಮುಂದಿನ ವಾಹನ ನಿಧಾನವಾದಾಗ ಟ್ರೇಲರ್ ಮುಂದೊತ್ತುವ ಬಲದಿಂದಲೇ ಸರಳು ಮತ್ತು ಕೇಬಲ್‌ಗಳ ಮೂಲಕ ಕೆಲಸ ಮಾಡುತ್ತವೆ. ಬೇರಿಂಗ್‌ಗಳು ಬಹುಮಟ್ಟಿಗೆ ಮುಚ್ಚಿದ ಬಗೆಯವಾಗಿದ್ದು ಅವಕ್ಕೆ ಗ್ರೀಸ್ ತುಂಬುವ ಪ್ರಶ್ನೆಯಿಲ್ಲ. ಆದರೆ ಹಬ್ಬಿನ ನಟ್ಟು ಒಂದೇ ಬಾರಿ ಬಳಸುವಂಥದ್ದು. ಬ್ರೇಕ್ ನೋಡಲು ಡ್ರಮ್ ತೆಗೆದಾಗಲೆಲ್ಲ ಹೊಸ ನಟ್ಟು ಹಾಕಿ, ತಯಾರಕರು ಹೇಳಿದ ಹೆಚ್ಚಿನ ಟಾರ್ಕಿಗೆ ಬಿಗಿಯಬೇಕು. ಬೆರಳಿನಿಂದ ಬಿಗಿಯುವ ಅಮೆರಿಕದ ಕ್ರಮ ಇವಕ್ಕೆ ಹೊಂದುವುದಿಲ್ಲ. ಆಸ್ಟ್ರೇಲಿಯಾದಲ್ಲಿ ವಿದ್ಯುತ್ ಬ್ರೇಕುಗಳೇ ರೂಢಿಯಲ್ಲಿದ್ದು, ಗಾಲಿಗಳ ಮೇಲಿನ ಭಾರ 2,000 ಕೆ.ಜಿ. ಮೀರಿದ ಟ್ರೇಲರ್‌ಗೆ ಎಲ್ಲ ಗಾಲಿಗಳಲ್ಲೂ ಬ್ರೇಕ್ ಮತ್ತು ಬೇರ್ಪಡೆ ವ್ಯವಸ್ಥೆ ಇರಬೇಕು.