ಮರಣಶಾಸನದ ಪೂರ್ವೋತ್ತರ

ಪಾಠಶಾಲೆಯಲ್ಲಿ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ಓದುತ್ತಿದ್ದಾಗ ನನಗೆ ಹೊಳೆಯದ ಸಂಗತಿಯೊಂದು, ಈಗ ಸ್ವಂತ ಮರಣಶಾಸನವನ್ನು ಬರೆಯಲು ಕುಳಿತಾಗ ಹೊಳೆಯಿತು. ಅಲ್ಲಿ ಋಣಾದಾನವುಂಟು, ಉಪನಿಧಿಯುಂಟು, ಲೇಖ್ಯವುಂಟು, ದಾಯವಿಭಾಗವುಂಟು. ತಾನು ಸತ್ತ ಮೇಲೆ ತನ್ನ ಸ್ವತ್ತು ಇಂಥವನಿಗೇ ಸಲ್ಲತಕ್ಕದ್ದೆಂದು ಬರೆದಿಡುವ ಪತ್ರಕ್ಕೆ ಮಾತ್ರ ಪ್ರಕರಣವಿಲ್ಲ. ನಮ್ಮ ಜನರ ಬಾಯಲ್ಲಿ ಓಡಾಡುವ ‘ಉಯಿಲು’ ಎಂಬ ಶಬ್ದವೂ ಇಂಗ್ಲಿಷಿನ ಮಗುವೇ.

ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಆ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದ ಪ್ರಕಾರ, ಪಿತಾಮಹನ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅವಿಭಕ್ತನಾಗಿದ್ದವನು ಕಣ್ಣು ಮುಚ್ಚಿದೊಡನೆ ಅವನ ಭಾಗವು ಉಳಿದ ದಾಯಾದರನ್ನು ಸೇರುವುದು. ಬರೆದುಕೊಡಲು ಅವನ ಕೈಯಲ್ಲಿ ಉಳಿಯುವುದೇನು? 1874ರಲ್ಲಿ ಮದರಾಸು ಹೈಕೋರ್ಟು ಇದೇ ನ್ಯಾಯವನ್ನು ಎತ್ತಿಹಿಡಿಯಿತು.

ಬಂಗಾಳದಲ್ಲಿಯಾದರೋ ಜೀಮೂತವಾಹನನ ದಾಯಭಾಗವು ತಂದೆಯನ್ನು ಜೀವಮಾನಪರ್ಯಂತ ಪೂರ್ಣ ಒಡೆಯನನ್ನಾಗಿ ಮಾಡಿತ್ತು. ಉಯಿಲಿಗೆ ಅಲ್ಲಿ ನೆಲ ಹದವಾಗಿತ್ತು. ಕಲಕತ್ತೆಯ ಪ್ರಸನ್ನಕುಮಾರ ಠಾಕೂರರ ಒಬ್ಬನೇ ಮಗ ಜ್ಞಾನೇಂದ್ರಮೋಹನನು ಕ್ರೈಸ್ತನಾದನು. ತಂದೆಯು ಉಯಿಲಿನಲ್ಲಿ ಅವನಿಗೆ ಏನೂ ಬಿಡದೆ, ಇನ್ನೂ ಹುಟ್ಟದ ಪೀಳಿಗೆಗಳವರೆಗೆ ಸ್ವತ್ತಿನ ದಾರಿಯನ್ನು ಕಟ್ಟಿಟ್ಟರು. 1872ರಲ್ಲಿ ಪ್ರಿವಿ ಕೌನ್ಸಿಲು, ಬದುಕಿರುವಾಗ ಯಾರಿಗೆ ದಾನ ಕೊಡಲಾಗದೋ ಅವರಿಗೆ ಉಯಿಲಿನಿಂದಲೂ ಕೊಡಲಾಗದೆಂದು ತೀರ್ಪಿತ್ತಿತು. ಜತೀಂದ್ರಮೋಹನರ ಜೀವಿತಾವಧಿಯ ಹಕ್ಕು ಮಾತ್ರ ನಿಂತಿತು. ಅದರ ಮುಂದಿನದು ಯಾವ ಮಗನನ್ನು ಹೊರಗಿಟ್ಟಿದ್ದರೋ ಅವನ ಕಡೆಗೇ ತಿರುಗಿತು! ಕೋಪದಲ್ಲಿ ಲೇಖನಿ ಹಿಡಿಯುವ ತಂದೆಗಳು ಈ ಮೊಕದ್ದಮೆಯನ್ನು ಓದಬೇಕೆಂದು ನನಗೆ ಅನೇಕ ಸಲ ತೋರಿದೆ.

ಮುಂದಿನದನ್ನು ಸಂಕ್ಷೇಪವಾಗಿ ಹೇಳುವೆನು. 1870ರ ಹಿಂದೂ ಉಯಿಲುಗಳ ಶಾಸನ, ತರುವಾಯ 1925ರ ಭಾರತೀಯ ಉತ್ತರಾಧಿಕಾರ ಶಾಸನ. ಬರೆದವನ ರುಜು, ಇಬ್ಬರು ಸಾಕ್ಷಿಗಳು ಎಂಬ ವಿಧಿ ಇವುಗಳಿಂದ ನಮ್ಮವರಿಗೆ ಬಂದಿತು. ರಿಜಿಸ್ಟರು ಮಾಡಿಸುವುದು ಇಂದಿಗೂ ಕಡ್ಡಾಯವಲ್ಲ. 1956ರ ಹಿಂದೂ ಉತ್ತರಾಧಿಕಾರ ಶಾಸನವು ಅವಿಭಕ್ತ ಸ್ವತ್ತಿನಲ್ಲಿ ತನ್ನ ಪಾಲನ್ನೂ ಉಯಿಲಿನಲ್ಲಿ ಬರೆಯಬಹುದೆಂದಾಗ, ವಿಜ್ಞಾನೇಶ್ವರನು ಹಾಕಿದ್ದ ಕಟ್ಟು ಬಿಚ್ಚಿತು.

ಇಂತು ಸತ್ತವನ ಮಾತಿಗೆ ಬೆಲೆ ಬಂದಿತು. ಆದರೆ ಬದುಕಿದ್ದೂ ಮಾತನಾಡಲಾರದವನ ಗತಿಯೇನು? ನನ್ನ ಸಹಪಾಠಿಯೊಬ್ಬರು ತಮ್ಮ ತಮ್ಮನಿಗೆ ಮುಖ್ತ್ಯಾರುಪತ್ರವನ್ನು ಬರೆದುಕೊಟ್ಟು ನಿಶ್ಚಿಂತರಾಗಿದ್ದರು. ಅವರಿಗೆ ಬುದ್ಧಿಭ್ರಮಣೆಯಾಗಿ ಹೆಂಡತಿಯ ಗುರುತೂ ತಪ್ಪಿದ ಮೇಲೆ, ಔಷಧದ ಖರ್ಚಿಗೆಂದು ಗದ್ದೆ ಮಾರಹೋದ ತಮ್ಮನಿಗೆ ವಕೀಲರು ಪತ್ರವನ್ನು ಹಿಂದಕ್ಕೆ ಕೊಟ್ಟರು. 1872ರ ಕರಾರು ಶಾಸನದ 201ನೆಯ ಕಲಮಿನಂತೆ, ಅಧಿಕಾರ ಕೊಟ್ಟವನು ಸತ್ತರೂ ಸರಿ, ಚಿತ್ತಸ್ವಾಸ್ಥ್ಯ ತಪ್ಪಿದರೂ ಸರಿ, ಪ್ರತಿನಿಧಿಯ ಅಧಿಕಾರ ಮುಗಿಯುವುದು. ಮಳೆ ಬಿದ್ದೊಡನೆ ಮಡಿಸಿಕೊಳ್ಳುವ ಕೊಡೆ! ಆ ಮೇಲೆ ನ್ಯಾಯಾಲಯದ ಬಾಗಿಲೇ ಗತಿ. ಬುದ್ಧಿ ಕೆಟ್ಟ ಮೇಲೂ ಊರ್ಜಿತವಾಗಿರುವ ಅಧಿಕಾರಪತ್ರಕ್ಕೆ ಇಂಗ್ಲೆಂಡಿನ ಶಾಸನವು 1985ರಲ್ಲಿಯೇ ಎಡೆಗೊಟ್ಟಿತು, ನಮ್ಮಲ್ಲಿ ಅದಾಗಿಲ್ಲ. ಇದು ಸಣ್ಣ ಕೊರತೆಯೆಂದು ನಾನು ಎಣಿಸಲಾರೆ.

ಸ್ವತ್ತಿಗೆ ದೊರೆಯದ ಅನುಕೂಲ ದೇಹಕ್ಕೆ ದೊರೆತಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು, ಗುಣವಾಗುವ ಆಸೆಯಿಲ್ಲದ ಅವಸ್ಥೆಯಲ್ಲಿ ಯಂತ್ರಗಳಿಂದ ಉಸಿರು ಹಿಡಿದಿಡುವುದು ಬೇಡವೆಂದು ಮುಂಗಡವಾಗಿ ಬರೆದಿಡಬಹುದೆಂದು ಮಾನ್ಯಮಾಡಿತು. ಮೊದಲು ಮ್ಯಾಜಿಸ್ಟ್ರೇಟರ ರುಜು ಬೇಕಾಗಿದ್ದಿತು. 2023ರಿಂದ ಇಬ್ಬರು ಸಾಕ್ಷಿಗಳೊಡನೆ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಬರೆದರೆ ಸಾಕು. ಆ ಹೊತ್ತಿನಲ್ಲಿ ತನ್ನ ಪರವಾಗಿ ಮಾತನಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಕರ್ನಾಟಕ ಸರಕಾರವು 2025ರ ಜನವರಿ 30ರಂದು ಇದನ್ನು ಆಚರಣೆಗೆ ತರುವ ಸುತ್ತೋಲೆಯನ್ನು ಹೊರಡಿಸಿತು.

ನನ್ನ ಮರಣಶಾಸನವು ಒಂದೇ ಸಂಜೆಗೆ ಮುಗಿಯಿತು. ಇರುವುದು ಒಂದು ಮನೆ, ಕೆಲವು ಪುಸ್ತಕ. ಎರಡನೆಯ ಪತ್ರದಲ್ಲಿ ಹೆಸರಿನ ಸ್ಥಳವು ಇನ್ನೂ ಖಾಲಿಯಿರುವುದು. ಮಗಳನ್ನು ಕೇಳಬೇಕೆಂದು ಎರಡು ಸಲ ಮಾತು ತೆಗೆದೆನು. ಎರಡು ಸಲವೂ ಅವಳು ಎದ್ದು ಒಳಗೆ ಹೋದಳು. ಯುಗಾದಿಗೆ ಬರುವಳು, ಆಗ ಮತ್ತೊಮ್ಮೆ ಕೇಳುವೆನು.