ಸಂಜೆಯ ಪ್ರಾರ್ಥನೆಯೂ ಪವಿತ್ರ ಗ್ರಂಥವೂ

ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವು ಕಟ್ಟಡವನ್ನೂ, ಗಂಟೆಯನ್ನೂ, ಪೀಠವನ್ನೂ ನೆನೆಯುತ್ತೇವೆ. ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅದು ಯುಕ್ತವೇ. ಆದರೆ ನಮ್ಮ ವಿಶ್ವಾಸದ ಚರಿತ್ರೆ ದೇವಾಲಯದಲ್ಲಿ ಮಾತ್ರ ನಡೆದುದಲ್ಲ. ಮನೆಯೊಳಗೆ, ಸಂಜೆಯ ದೀಪದ ಮುಂದೆಯೂ ನಡೆದಿದೆ. ಆ ಚರಿತ್ರೆಯ ಒಂದು ಅಧ್ಯಾಯವನ್ನು, ಎಂದರೆ ಪವಿತ್ರ ಗ್ರಂಥವು ನಮ್ಮ ಕೈಸೇರಿದ ಬಗೆಯನ್ನು, ಇಲ್ಲಿ ಸಂಕ್ಷೇಪವಾಗಿ ನಿವೇದಿಸಬಯಸುತ್ತೇನೆ.

ಮೈಸೂರು ಸೀಮೆಯಲ್ಲಿ ಕಥೋಲಿಕ ಧರ್ಮಪ್ರಚಾರವು ಹಳೆಯದು. 17ನೆಯ ಶತಮಾನದ ನಡುಭಾಗದಲ್ಲಿಯೇ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣದಲ್ಲಿದ್ದು ಕನ್ನಡ ಕಲಿತು ದುಡಿದರು. ಮುಂದೆ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು ಈ ಹೊಲವನ್ನು ಉತ್ತರು. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯವಾಯಿತು. ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ಸೀಮೆಯೂ 1963ರವರೆಗೆ ಅದಕ್ಕೇ ಸೇರಿತ್ತು. ಅಷ್ಟು ವಿಶಾಲವಾದ ಪ್ರಾಂತ್ಯದಲ್ಲಿ ಮಲೆನಾಡಿನ ಅಂಚಿನ ತೋಟಗಳಲ್ಲೂ ಬಯಲಿನ ಊರುಗಳಲ್ಲೂ ಚದುರಿದ್ದ ಕುಟುಂಬಗಳಿಗೆ ಗುರುಗಳ ದರ್ಶನವೇ ಅಪರೂಪ. ಅಕ್ಷರ ಬಲ್ಲವರೂ ವಿರಳ.

ಹಾಗಾದರೆ ಆ ಕುಟುಂಬಗಳ ವಿಶ್ವಾಸವನ್ನು ಉಳಿಸಿದ್ದು ಯಾವುದು? ಸಂಜೆಯ ಜಪಸರ. ಅದರ ರಹಸ್ಯಗಳಲ್ಲಿ ಬಹುಪಾಲು ಶುಭಸಂದೇಶದ ಘಟನೆಗಳೇ. ಓದು ಬಾರದ ನಮ್ಮ ಅಜ್ಜಿಯರು ಬೆರಳಿನಲ್ಲಿ ಮಣಿ ಎಣಿಸುತ್ತಾ ಗಬ್ರಿಯೇಲ ದೂತನ ಸಂದೇಶದಿಂದ ಪುನರುತ್ಥಾನದವರೆಗೆ ದಿನದಿನವೂ ಧ್ಯಾನಿಸಿದರು. ಅಭ್ಯಾಸವಿತ್ತು, ಗ್ರಂಥವಿರಲಿಲ್ಲ.

ಗ್ರಂಥವು ಕನ್ನಡದಲ್ಲಿ ಇರಲೇ ಇಲ್ಲವೆಂದಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಪರಿಶ್ರಮದಿಂದ 1831ರ ವೇಳೆಗೆ ಬೈಬಲ್ ಕನ್ನಡಕ್ಕೆ ಬಂದಿತ್ತು. ಪ್ರೊಟೆಸ್ಟೆಂಟ್ ಸೋದರರ ಈ ಸೇವೆಯನ್ನು ಗೌರವದಿಂದ ಒಪ್ಪಿಕೊಳ್ಳಬೇಕು. ಆದರೆ ನಾವು ಅಂಗೀಕರಿಸುವ 73 ಪುಸ್ತಕಗಳಲ್ಲಿ ಏಳು ಅವರ ಬೈಬಲಿನಲ್ಲಿಲ್ಲ. ಧರ್ಮಸಭೆಯ ಅನುಮತಿಯಿಲ್ಲದ ಭಾಷಾಂತರಗಳನ್ನು ಓದಲು ಅಂದು ನಮ್ಮವರಿಗೆ ಪ್ರೋತ್ಸಾಹವೂ ಇರಲಿಲ್ಲ. ಬಲಿಪೂಜೆಯ ವಾಚನಗಳು ಲತೀನಿನಲ್ಲಿದ್ದವು. ಹೀಗೆ ಜ್ಞಾನೋಪದೇಶದ ಪುಸ್ತಕವೇ ನಮ್ಮವರ ಆಧಾರವಾಯಿತು.

ಧರ್ಮಸಭೆ ಗ್ರಂಥಪಠನವನ್ನು ವಿರೋಧಿಸಿತೆಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ಅದು ಪೂರ್ಣ ಸತ್ಯವಲ್ಲ. ಜಗದ್ಗುರು 13ನೆಯ ಲಿಯೋರವರು 1893ರಲ್ಲಿ ಶ್ರೀಗ್ರಂಥದ ಅಧ್ಯಯನವನ್ನು ಕುರಿತು ವಿಶ್ವಪತ್ರ ಬರೆದರು. 1898ರಲ್ಲಿ, ಕಾಲು ಗಂಟೆಯಾದರೂ ಶುಭಸಂದೇಶವನ್ನು ಓದುವ ವಿಶ್ವಾಸಿಗಳಿಗೆ ವಿಶೇಷ ಆಧ್ಯಾತ್ಮಿಕ ಅನುಗ್ರಹವನ್ನು ಘೋಷಿಸಿದರು. 1920ರಲ್ಲಿ 15ನೆಯ ಬೆನೆಡಿಕ್ಟರು, 1943ರಲ್ಲಿ 12ನೆಯ ಪಿಯುಸರು ಅದೇ ಹಾದಿಯನ್ನು ವಿಸ್ತರಿಸಿದರು. ಆದುದರಿಂದ ದಿನಕ್ಕೆ ಕಾಲು ಗಂಟೆಯ ಪಠನ ನಮಗೆ ಎರವಲು ಬಂದ ಪದ್ಧತಿಯಲ್ಲ.

1963ರ ನವೆಂಬರಿನಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಕೆಲವೇ ದಿನಗಳಲ್ಲಿ, ಡಿಸೆಂಬರ್ 4ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನಾವಿಧಿಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ನಮ್ಮ ಧರ್ಮಪ್ರಾಂತ್ಯವೂ ನಮ್ಮ ನುಡಿಯ ಬಲಿಪೂಜೆಯೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. 1965ರ ನವೆಂಬರ್ 18ರಂದು ಅದೇ ಮಹಾಸಭೆ, ಗ್ರಂಥವು ಎಲ್ಲ ವಿಶ್ವಾಸಿಗಳಿಗೂ ಸುಲಭವಾಗಿ ದೊರೆಯಬೇಕೆಂದೂ ಪಠನವು ಪ್ರಾರ್ಥನೆಯೊಡಗೂಡಿರಬೇಕೆಂದೂ ಬೋಧಿಸಿತು. 1969ರಲ್ಲಿ ಭಾನುವಾರದ ವಾಚನಗಳಿಗೆ ಮೂರು ವರ್ಷಗಳ ಸರದಿ ಏರ್ಪಟ್ಟಿತು. ಇಂದು ಬೈಬಲ್ ಒಂದೇ ಸಂಪುಟವಾಗಿ ಕನ್ನಡದಲ್ಲಿ ನಮ್ಮ ಕೈಯಲ್ಲಿದೆ.

ಕೈಯಲ್ಲಿದೆ, ನಿಜ. ಮನೆಗಳನ್ನು ಆಶೀರ್ವದಿಸಲು ಹೋದಾಗ ಪೀಠದ ಮೇಲೆ ಹೂವಿನ ಪಕ್ಕದಲ್ಲಿ ಅದನ್ನು ಕಾಣುತ್ತೇನೆ. ಕೆಲವೆಡೆ ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲ. ಕೆಲವೆಡೆ ಅದರೊಳಗೆ ರೇಷನ್ ಕಾರ್ಡು ಭದ್ರವಾಗಿದೆ. ನಗಲಾರೆ, ನಾನೂ ಬಹುಕಾಲ ಭಾನುವಾರದ ಪ್ರಬೋಧನೆಯ ಸಿದ್ಧತೆಗೆಂದೇ ಗ್ರಂಥವನ್ನು ತೆರೆದವನು. ಇತ್ತ ಸಂಜೆಯ ಜಪಸರವೂ ಸಡಿಲವಾಗಿದೆ. ಆ ವೇಳೆಯನ್ನು ಟಿ.ವಿ.ಯೂ ಮೊಬೈಲೂ ಹಂಚಿಕೊಂಡಿವೆ. ಹಿರಿಯರಿಗೆ ಅಭ್ಯಾಸವಿತ್ತು, ಗ್ರಂಥವಿರಲಿಲ್ಲ. ನಮಗೆ ಗ್ರಂಥವಿದೆ, ಅಭ್ಯಾಸ ಜಾರುತ್ತಿದೆ. ನಾಳೆ ಓದಿಗೋ ಉದ್ಯೋಗಕ್ಕೋ ಬೆಂಗಳೂರಿಗೆ ಹೊರಡುವ ಮಕ್ಕಳು ಮನೆಯಿಂದ ಏನನ್ನು ಕೊಂಡೊಯ್ದಾರು? ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಪರಿಹಾರವು ಕಠಿಣವಲ್ಲ. ಹೊಸ ವೇಳೆಯನ್ನು ಹುಡುಕಬೇಕಾಗಿಲ್ಲ. ಹಳೆಯ ಸಂಜೆಯ ಪ್ರಾರ್ಥನೆಗೇ ಗ್ರಂಥವನ್ನು ಸೇರಿಸೋಣ. ಜಪಸರ ಮುಗಿದೊಡನೆ ಮಕ್ಕಳಲ್ಲೊಬ್ಬರು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಲಿ, ಓದು ಬಾರದ ಹಿರಿಯರು ಕೇಳಲಿ, ಅರೆಗಳಿಗೆ ಮೌನವಿರಲಿ. ಮನೆಯ ಮಾತು ಕೊಂಕಣಿಯೋ ತಮಿಳೋ ಮಲಯಾಳವೋ ಆಗಿದ್ದರೆ ಆ ಭಾಷೆಯಲ್ಲೇ ಓದಲಿ. ನಾಲ್ಕು ಶುಭಸಂದೇಶಗಳಲ್ಲಿ ಒಟ್ಟು 89 ಅಧ್ಯಾಯಗಳು. ಮೂರು ತಿಂಗಳಲ್ಲಿ ಮುಗಿಯುತ್ತವೆ. ಹೊಸ ಒಡಂಬಡಿಕೆಯ 260 ಅಧ್ಯಾಯಗಳಿಗೆ ಒಂದು ವರ್ಷವೂ ಬೇಡ. ಆರಂಭಕ್ಕೆ 16 ಅಧ್ಯಾಯಗಳ ಮಾರ್ಕನ ಶುಭಸಂದೇಶವೇ ಸಾಕು. ಒಂದು ದಿನ ತಪ್ಪಿದರೆ ಮರುದಿನ ಅಲ್ಲಿಂದಲೇ ಮುಂದುವರಿಸಿರಿ, ತಪ್ಪಿತೆಂದು ಬಿಟ್ಟುಬಿಡಬೇಡಿರಿ. ಅರ್ಥವಾಗದ ಮಾತು ಬಂದರೆ ಸಂಕೋಚಪಡದೆ ಗುರುಗಳನ್ನು ಕೇಳಿರಿ. ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಇಥಿಯೋಪಿಯಾದ ಅಧಿಕಾರಿಗೂ ಫಿಲಿಪನ ನೆರವು ಬೇಕಾಯಿತಲ್ಲವೇ?

ಕಡೂರು ತಾಲ್ಲೂಕಿನ ಅಯ್ಯನಕೆರೆಯನ್ನು ನೀವೆಲ್ಲರೂ ಬಲ್ಲಿರಿ. ಕೆರೆ ಎಷ್ಟೇ ತುಂಬಿದ್ದರೂ ತೂಬು ಎತ್ತದೆ ಗದ್ದೆಗೆ ನೀರಿಲ್ಲ. ಗ್ರಂಥವೆಂಬ ಕೆರೆ ತುಂಬಿದೆ. ನೂರು ವರ್ಷಗಳ ಹಿಂದೆ ಓದುಬಾರದವರು ನೆಟ್ಟ ವಿಶ್ವಾಸದ ಸಸಿಗೆ, ಓದುಬಲ್ಲ ನಾವು ದಿನಕ್ಕೊಂದು ಅಧ್ಯಾಯದಷ್ಟಾದರೂ ನೀರು ಹಾಯಿಸೋಣ. ಶತಮಾನೋತ್ಸವದ ನಿಜವಾದ ಸ್ಮಾರಕ ಪ್ರತಿ ಮನೆಯಲ್ಲೂ ಬಳಸಿ ಸವೆದ ಒಂದು ಬೈಬಲ್ ಆಗಲಿ. ಪ್ರಭುವಿನ ಆಶೀರ್ವಾದವು ನಿಮ್ಮೆಲ್ಲರ ಮನೆಗಳ ಮೇಲಿರಲಿ.